ಹದಿನೇಳು ನಡೆಗಳ ಆಟ

ಆಟಗಳಲ್ಲಿ ದೇಹಬಲವನ್ನು ಒರೆಗೆ ಹಚ್ಚುವ ಆಟಗಳುಂಟು. ಕೈಚಳಕವನ್ನು ಒರೆಗೆ ಹಚ್ಚುವ ಆಟಗಳುಂಟು. ದಾಳ ಬೀಳುವ ಬಗೆಯನ್ನು ನೆಚ್ಚಿಕೊಂಡು ಸಾಗುವ ಪಗಡೆಯಂತಹ ಆಟಗಳೂ ಉಂಟು. ಚದುರಂಗವು ಇವೆಲ್ಲಕ್ಕಿಂತ ಬೇರೆಯಾದುದು. ಇಲ್ಲಿ ದಾಳವಿಲ್ಲ, ಎದುರಾಳಿಯ ಕಣ್ಣಿಗೆ ಬೀಳದಂತೆ ಮುಚ್ಚಿಡುವ ಎಲೆಗಳಿಲ್ಲ. ಇಬ್ಬರಿಗೂ ಸಮನಾದ ಸೈನ್ಯ. ನಡುವೆ ಅರುವತ್ತನಾಲ್ಕು ಮನೆಗಳ ತೆರೆದ ಬಯಲು. ಗೆದ್ದವನು ಅದೃಷ್ಟವನ್ನು ಹೊಗಳುವಂತಿಲ್ಲ. ಸೋತವನು ಅದೃಷ್ಟವನ್ನು ಹಳಿಯುವಂತಿಲ್ಲ.

ಈ ಆಟಕ್ಕೆ ಇನ್ನೊಂದು ವೈಶಿಷ್ಟ್ಯವೂ ಇದೆ. ಓಟದ ಪಂದ್ಯವು ಮುಗಿದೊಡನೆ ಅದರ ಸೊಗಸು ನೋಡಿದವರ ನೆನಪಿನಲ್ಲಿ ಮಾತ್ರ ಉಳಿಯುತ್ತದೆ. ಚದುರಂಗದ ಆಟವಾದರೋ ನಡೆನಡೆಯಾಗಿ ಬರೆದಿಡಲು ಬರುವಂಥದು. ಬರೆದಿಟ್ಟ ಆಟವನ್ನು ನೂರು ವರ್ಷಗಳ ಅನಂತರವೂ ಯಾರು ಬೇಕಾದರೂ ತಮ್ಮ ಮನೆಯ ಜಗಲಿಯಲ್ಲಿ ಮಣೆಯನ್ನು ಹಾಸಿ ಮತ್ತೊಮ್ಮೆ ಆಡಿಸಿ ನೋಡಬಹುದು. ಹಾಗೆ ಉಳಿದುಬಂದ ಆಟಗಳಲ್ಲಿ 1858ರಲ್ಲಿ ಪ್ಯಾರಿಸ್ ನಗರದ ರಂಗಮಂದಿರವೊಂದರಲ್ಲಿ ನಡೆದ ಆಟವು ಬಹು ಪ್ರಸಿದ್ಧವಾದುದು. ಅದು ಕೇವಲ ಹದಿನೇಳು ನಡೆಗಳಲ್ಲಿ ಮುಗಿಯಿತು. ಆದರೂ ಆಕ್ರಮಣದ ಮರ್ಮವನ್ನು ಕಲಿಸಬೇಕಾದಾಗ ಲೋಕದ ಎಲ್ಲೆಡೆಯ ಗುರುಗಳು ಇಂದಿಗೂ ಅದನ್ನು ಶಿಷ್ಯರ ಮುಂದೆ ಇಡುತ್ತಾರೆ.

ಚದುರಂಗವು ಹುಟ್ಟಿದ್ದು ಭಾರತದಲ್ಲಿ. ಆನೆ, ಕುದುರೆ, ರಥ, ಕಾಲಾಳುಗಳೆಂಬ ಸೇನೆಯ ನಾಲ್ಕು ಅಂಗಗಳಿಂದ ಅದಕ್ಕೆ ಚತುರಂಗವೆಂಬ ಹೆಸರು ಬಂದಿತು. ಇಲ್ಲಿಂದ ಅದು ಪರ್ಷಿಯಕ್ಕೆ ಹೋಯಿತು. ಅರಬ್ಬರ ಕೈಸೇರಿ ಅವರ ಮೂಲಕ ಯೂರೋಪನ್ನು ಮುಟ್ಟಿತು. ಹಳೆಯ ಕ್ರಮದಲ್ಲಿ ಮಂತ್ರಿಯು ಓರೆಯಾಗಿ ಒಂದೊಂದೇ ಮನೆ ನಡೆಯುತ್ತಿದ್ದನು. ಹದಿನೈದನೆಯ ಶತಮಾನದ ಕೊನೆಯ ಹೊತ್ತಿಗೆ ಯೂರೋಪಿನವರು ಆತನಿಗೆ ನೇರವಾಗಿಯೂ ಓರೆಯಾಗಿಯೂ ಎಷ್ಟು ದೂರವಾದರೂ ಸಾಗುವ ಅಧಿಕಾರವನ್ನು ಕೊಟ್ಟು ರಾಣಿಯೆಂದು ಕರೆದರು. ನಾವು ಒಂಟೆಯೆಂದು ಕರೆಯುವ ಕಾಯಿಯೂ ಓರೆಸಾಲಿನ ಉದ್ದಕ್ಕೂ ಓಡತೊಡಗಿತು. ಹೀಗೆ ಮಂದಗತಿಯ ಆಟವು ಚುರುಕಾಯಿತು; ಮಿಂಚಿನಂತಹ ಆಕ್ರಮಣಗಳಿಗೆ ದಾರಿಯಾಯಿತು.

ಅಂತಹ ಆಕ್ರಮಣದಲ್ಲಿ ಎಣೆಯಿಲ್ಲದವನೆನಿಸಿದ ಪಾಲ್ ಮಾರ್ಫಿ ಹುಟ್ಟಿದ್ದು ಅಮೆರಿಕದ ಲೂಯಿಸಿಯಾನ ರಾಜ್ಯದ ನ್ಯೂ ಆರ್ಲಿಯನ್ಸ್ ನಗರದಲ್ಲಿ, 1837ರ ಜೂನ್ 22ರಂದು. ತಂದೆ ಆ ರಾಜ್ಯದ ಶ್ರೇಷ್ಠ ನ್ಯಾಯಾಲಯದ ನ್ಯಾಯಾಧೀಶರಾಗಿದ್ದವರು. ಬಾಲಕನಿಗೆ ಚದುರಂಗವನ್ನು ಯಾರೂ ಕುಳ್ಳಿರಿಸಿಕೊಂಡು ಕಲಿಸಲಿಲ್ಲವಂತೆ. ತಂದೆಯೂ ಚಿಕ್ಕಪ್ಪನೂ ಆಡುವುದನ್ನು ಪಕ್ಕದಲ್ಲಿ ಕುಳಿತು ನೋಡಿ ನೋಡಿಯೇ ಅವನು ಕಲಿತನಂತೆ. 1850ರಲ್ಲಿ ಹಂಗೇರಿಯ ಹೆಸರಾಂತ ಆಟಗಾರ ಲೋವೆಂಥಾಲ್ ಆ ನಗರಕ್ಕೆ ಬಂದಾಗ, ಹನ್ನೆರಡು ವರ್ಷದ ಮಾರ್ಫಿ ಅವನನ್ನು ಸೋಲಿಸಿ ಬೆರಗುಗೊಳಿಸಿದನು.

ಆದರೂ ಚದುರಂಗವೇ ಬಾಳಿನ ವೃತ್ತಿಯಾಗಬೇಕೆಂದು ಅವನು ಬಯಸಿರಲಿಲ್ಲ. ಕಾನೂನನ್ನು ಓದಿ 1857ರಲ್ಲಿ ಪದವಿಯನ್ನು ಪಡೆದನು. ವಕೀಲಿ ಮಾಡಲು ಇಪ್ಪತ್ತೊಂದು ವರ್ಷ ತುಂಬಬೇಕಾಗಿದ್ದುದರಿಂದ ಅಲ್ಲಿಯವರೆಗೆ ಅವನಿಗೆ ಬಿಡುವು ದೊರೆಯಿತು. ಆ ಬಿಡುವಿನಲ್ಲಿಯೇ ಅವನ ಕೀರ್ತಿಯೆಲ್ಲ ಅಡಗಿತ್ತೆನ್ನಬಹುದು. ಅದೇ ವರ್ಷ ನ್ಯೂಯಾರ್ಕಿನಲ್ಲಿ ನಡೆದ ಅಮೆರಿಕದ ಮೊದಲ ಚದುರಂಗ ಸಮ್ಮೇಳನದಲ್ಲಿ ಅವನು ಪ್ರಥಮ ಸ್ಥಾನವನ್ನು ಗಳಿಸಿದನು. ಮರುವರ್ಷ ಸಮುದ್ರವನ್ನು ದಾಟಿ ಇಂಗ್ಲೆಂಡಿಗೆ, ಅಲ್ಲಿಂದ ಪ್ಯಾರಿಸ್ಸಿಗೆ ಬಂದನು. ಪ್ಯಾರಿಸ್ಸಿನ ರೀಜೆನ್ಸ್ ಎಂಬ ಕಾಫಿಗೃಹವು ಅಂದಿನ ಚದುರಂಗ ಪ್ರಿಯರ ತವರು. ಅಲ್ಲಿ ಅವನು ಮಣೆಯನ್ನೇ ನೋಡದೆ ಎಂಟು ಮಂದಿಯೊಡನೆ ಏಕಕಾಲದಲ್ಲಿ ಆಡಿ ಆರು ಆಟಗಳನ್ನು ಗೆದ್ದನು, ಎರಡು ಸಮವಾದವು, ಒಂದನ್ನೂ ಸೋಲಲಿಲ್ಲ. ಆಗ ಅವನ ವಯಸ್ಸು ಇಪ್ಪತ್ತೊಂದು.

ಆ ದಿನಗಳಲ್ಲಿ ಜರ್ಮನಿಯ ಬ್ರನ್ಸ್‌ವಿಕ್ ಸಂಸ್ಥಾನದ ಡ್ಯೂಕ್ ಎರಡನೆಯ ಕಾರ್ಲ್ ಪ್ಯಾರಿಸ್ಸಿನಲ್ಲಿ ನೆಲೆಸಿದ್ದರು. 1830ರ ದಂಗೆಯಲ್ಲಿ ಅವರು ಗದ್ದುಗೆಯನ್ನು ಕಳೆದುಕೊಂಡಿದ್ದರು. ಅವರಿಗೆ ಎರಡು ವಿಷಯಗಳಲ್ಲಿ ಅಪಾರ ಆಸಕ್ತಿ: ಒಂದು ಒಪೆರಾ ಎಂದು ಕರೆಯುವ ಸಂಗೀತನಾಟಕ, ಇನ್ನೊಂದು ಚದುರಂಗ. ಇಟಾಲಿಯನ್ ಒಪೆರಾಗಳು ನಡೆಯುತ್ತಿದ್ದ ರಂಗಮಂದಿರದಲ್ಲಿ ವೇದಿಕೆಗೆ ಅತಿ ಸಮೀಪದ ಕಟ್ಟೆಯೊಂದು ಅವರಿಗಾಗಿ ಮೀಸಲಾಗಿತ್ತು. ಒಂದು ಸಂಜೆ ಮಾರ್ಫಿಗೆ ಅಲ್ಲಿಗೆ ಆಹ್ವಾನ ಬಂದಿತು. ಮಾರ್ಫಿ ಸಂಗೀತಪ್ರಿಯ. ಆದರೆ ಆತಿಥೇಯರಿಗೆ ಬೇಕಾಗಿದ್ದುದು ಅವನೊಡನೆ ಆಟ. ಡ್ಯೂಕರೂ ಅವರ ಮಿತ್ರ ಕೌಂಟ್ ಇಸೂವಾರರೂ ಒಂದು ಪಕ್ಷವಾಗಿ, ತಮ್ಮತಮ್ಮಲ್ಲಿ ಆಲೋಚಿಸಿ ನಡೆಗಳನ್ನು ನಿರ್ಧರಿಸುವುದೆಂದೂ ಮಾರ್ಫಿ ಒಬ್ಬನೇ ಅವರನ್ನು ಎದುರಿಸುವುದೆಂದೂ ಗೊತ್ತಾಯಿತು. ಅತಿಥಿಯು ರಂಗಕ್ಕೆ ಬೆನ್ನು ಮಾಡಿ ಕುಳಿತುಕೊಳ್ಳಬೇಕಾಯಿತೆಂದು ಹೇಳುತ್ತಾರೆ. ಹಿಂದೆ ಗಾನ, ಮುಂದೆ ಮಣೆ. ಆಟ ಆರಂಭವಾಯಿತು.

ಈ ಆಟವನ್ನು ಅರಿಯಬೇಕಾದರೆ ಮಣೆಯ ಮನೆಗಳನ್ನು ಹೆಸರಿಸುವ ಕ್ರಮವನ್ನು ತಿಳಿದಿರಬೇಕು. ಬಿಳಿಯ ಕಾಯಿಗಳನ್ನು ಆಡುವವನ ಎಡದಿಂದ ಬಲಕ್ಕೆ ಎಂಟು ಉದ್ದಸಾಲುಗಳಿಗೆ ಕ್ರಮವಾಗಿ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್ ಎಂದು ಹೆಸರು. ಅವನಿಗೆ ಹತ್ತಿರದ ಅಡ್ಡಸಾಲು 1ನೆಯದು; ಎದುರಾಳಿಗೆ ಹತ್ತಿರದ್ದು 8ನೆಯದು. ಬಿಳಿಯ ರಾಜ ಇ-1ರಲ್ಲಿ, ಬಿಳಿಯ ಮಂತ್ರಿ ಡಿ-1ರಲ್ಲಿ ನಿಲ್ಲುತ್ತಾರೆ. ಅವರಿಗೆದುರಾಗಿ ಇ-8ರಲ್ಲಿ ಕರಿಯ ರಾಜ, ಡಿ-8ರಲ್ಲಿ ಕರಿಯ ಮಂತ್ರಿ. ಮಣೆಯೊಂದನ್ನು ಮುಂದಿಟ್ಟುಕೊಂಡು ಓದಿದರೆ ಮುಂದಿನ ವಿವರಣೆಯು ಸುಲಭವಾಗುತ್ತದೆ. ಮಾರ್ಫಿಯದು ಬಿಳಿಯ ಪಕ್ಷ.

ಮಾರ್ಫಿಯು ರಾಜನ ಮುಂದಿನ ಕಾಲಾಳನ್ನು ಇ-4ಕ್ಕೆ ನಡೆಸಿದನು. ಡ್ಯೂಕರ ಪಕ್ಷದವರು ತಮ್ಮ ಕಾಲಾಳನ್ನು ಇ-5ರಲ್ಲಿ ಎದುರು ನಿಲ್ಲಿಸಿದರು. ಎರಡನೆಯ ನಡೆಯಲ್ಲಿ ಬಿಳಿಯ ಕುದುರೆ ಎಫ್-3ಕ್ಕೆ ಬಂದು ಆ ಕಾಲಾಳಿಗೆ ಗುರಿಯಿಟ್ಟಿತು. ಕರಿಯರು ಡಿ-6ಕ್ಕೆ ಇನ್ನೊಂದು ಕಾಲಾಳನ್ನು ನಡೆಸಿ ಅದಕ್ಕೆ ಬೆಂಬಲ ಕೊಟ್ಟರು. ಹದಿನೆಂಟನೆಯ ಶತಮಾನದ ಫ್ರೆಂಚ್ ಆಟಗಾರ ಫಿಲಿಡಾರ್‌ನ ಹೆಸರಿನಿಂದ ಈ ರಕ್ಷಣೆಯನ್ನು ಕರೆಯುತ್ತಾರೆ. ಆತನು ಒಪೆರಾಗಳಿಗೆ ಸಂಗೀತವನ್ನು ರಚಿಸಿದ ಕಲಾವಿದನೂ ಹೌದು. ಈ ರಕ್ಷಣೆಯು ಗಟ್ಟಿಯಾದುದೇ. ಆದರೆ ಅದಕ್ಕೊಂದು ಬೆಲೆ ಉಂಟು: ಎಫ್-8ರ ಒಂಟೆಯ ದಾರಿಗೆ ತಮ್ಮದೇ ಕಾಲಾಳು ಅಡ್ಡವಾಗುತ್ತದೆ.

ಮೂರನೆಯ ನಡೆಯಲ್ಲಿ ಮಾರ್ಫಿ ಡಿ-4ಕ್ಕೆ ಕಾಲಾಳನ್ನು ನೂಕಿ ಮಣೆಯ ನಡುಭಾಗವನ್ನು ತೆರೆಯಲೆತ್ನಿಸಿದನು. ಕರಿಯರು ತಮ್ಮ ಇನ್ನೊಂದು ಒಂಟೆಯನ್ನು ಜಿ-4ಕ್ಕೆ ಕಳುಹಿಸಿ, ಬಿಳಿಯ ಕುದುರೆಯನ್ನು ಮಂತ್ರಿಯ ಮುಂದೆ ಕಟ್ಟಿಹಾಕಿದರು. ನೋಡುವುದಕ್ಕೆ ಇದು ಚುರುಕಾದ ನಡೆ. ಆದರೆ ಮೊದಲ ತಪ್ಪು ಇದೇ. ನಾಲ್ಕನೆಯ ನಡೆಯಲ್ಲಿ ಬಿಳಿಯ ಕಾಲಾಳು ಇ-5ರ ಕಾಲಾಳನ್ನು ಹೊಡೆಯಿತು. ಕರಿಯರು ಕೂಡಲೇ ಡಿ-6ರ ಕಾಲಾಳಿನಿಂದ ಅದನ್ನು ಹೊಡೆದರೆ, ಮಾರ್ಫಿಯು ಮಂತ್ರಿಗಳನ್ನು ವಿನಿಮಯ ಮಾಡಿಕೊಂಡು, ಕಟ್ಟು ಕಳಚಿದ ಕುದುರೆಯಿಂದ ಇ-5ರ ಕಾಲಾಳನ್ನು ಲಾಭವಾಗಿ ಪಡೆಯುತ್ತಿದ್ದನು. ಆದ್ದರಿಂದ ಅವರು ಮೊದಲು ಒಂಟೆಯಿಂದ ಎಫ್-3ರ ಕುದುರೆಯನ್ನು ಹೊಡೆದರು. ಐದನೆಯ ನಡೆಯಲ್ಲಿ ಬಿಳಿಯ ಮಂತ್ರಿ ಒಂಟೆಯನ್ನು ಹೊಡೆದು ಎಫ್-3ಕ್ಕೆ ಬಂದನು. ಆಮೇಲೆ ಕರಿಯರು ಇ-5ರ ಕಾಲಾಳನ್ನು ಹೊಡೆದರು.

ಇಲ್ಲಿ ಸ್ವಲ್ಪ ನಿಂತು ಮಣೆಯನ್ನು ನೋಡಬೇಕು. ಎಣಿಕೆಯಲ್ಲಿ ಇಬ್ಬರ ಸೈನ್ಯವೂ ಸಮ. ಆದರೆ ಬಿಳಿಯ ಮಂತ್ರಿ ಹೊರಗೆ ಬಂದಿದ್ದಾನೆ. ಅವನ ಎರಡು ಒಂಟೆಗಳಿಗೂ ದಾರಿ ತೆರೆದಿದೆ. ಕರಿಯರು ಒಂಟೆಗಾಗಿ ಎರಡು ನಡೆಗಳನ್ನು ವ್ಯಯಮಾಡಿದರು. ಆ ಒಂಟೆ ಈಗ ಮಣೆಯಲ್ಲಿಯೇ ಇಲ್ಲ. ಕಾಲಾಳೊಂದನ್ನುಳಿದು ಅವರ ಸೈನ್ಯವೆಲ್ಲ ಹುಟ್ಟಿದ ಮನೆಯಲ್ಲಿಯೇ ನಿಂತಿದೆ. ಚದುರಂಗದಲ್ಲಿ ಕಾಲವೂ ಒಂದು ಸಂಪತ್ತು. ಕಳೆದುಕೊಂಡ ಕಾಯಿ ಎಲ್ಲರ ಕಣ್ಣಿಗೂ ಕಾಣುತ್ತದೆ. ಕಳೆದುಕೊಂಡ ಕಾಲ ಕಾಣುವುದಿಲ್ಲ.

ಆರನೆಯ ನಡೆಯಲ್ಲಿ ಬಿಳಿಯ ಒಂಟೆ ಸಿ-4ಕ್ಕೆ ಬಂದಿತು. ಒಂಟೆಯೂ ಮಂತ್ರಿಯೂ ಕೂಡಿ ಎಫ್-7ರ ಮೇಲೆ ಕಣ್ಣಿಟ್ಟವು. ಕರಿಯ ರಾಜನೊಬ್ಬನ ಕಾವಲನ್ನುಳಿದು ಬೇರೆ ರಕ್ಷಣೆಯಿಲ್ಲದ ಮನೆ ಅದು. ಮುಂದಿನ ನಡೆಯಲ್ಲಿಯೇ ಆಟ ಮುಗಿಯಬಹುದಾಗಿತ್ತು. ಕರಿಯರು ಕುದುರೆಯನ್ನು ಎಫ್-6ಕ್ಕೆ ತಂದು ಮಂತ್ರಿಗೆ ಅಡ್ಡ ನಿಲ್ಲಿಸಿದರು. ಏಳನೆಯ ನಡೆಯಲ್ಲಿ ಮಾರ್ಫಿ ಮಂತ್ರಿಯನ್ನು ಬಿ-3ಕ್ಕೆ ಸರಿಸಿದನು. ಒಂದೇ ನಡೆಯಿಂದ ಎರಡು ಬೆದರಿಕೆಗಳು: ಒಂಟೆಯ ಬೆನ್ನಿಗೆ ನಿಂತು ಎಫ್-7ರ ಮೇಲೆ ಒಂದು, ನೇರವಾಗಿ ಬಿ-7ರ ಕಾಲಾಳಿನ ಮೇಲೆ ಇನ್ನೊಂದು. ಕರಿಯರು ತಮ್ಮ ಮಂತ್ರಿಯನ್ನು ಇ-7ಕ್ಕೆ ತಂದು ಎಫ್-7ನ್ನು ಕಾಪಾಡಿದರು. ಆದರೆ ಆ ಮಂತ್ರಿಯೇ ಈಗ ಎಫ್-8ರ ಒಂಟೆಯ ಬಾಗಿಲಿಗೆ ಅಡ್ಡಲಾಗಿ ನಿಂತನು. ಒಂಟೆ ಹೊರಬರದೆ ರಾಜನಿಗೆ ಆ ಕಡೆ ಕೋಟೆ ಕಟ್ಟಿಕೊಳ್ಳಲು ಆಗದು. ಮೂಲೆಯ ಆನೆಯೂ ಕದಲದು.

ಎಂಟನೆಯ ನಡೆಯೇ ಈ ಆಟದ ತಿರುವು. ಬಿ-7ರ ಕಾಲಾಳು ರಕ್ಷಣೆಯಿಲ್ಲದೆ ನಿಂತಿದೆ. ಅದನ್ನು ಹೊಡೆಯಬಹುದು. ಹೊಡೆದರೆ ಕರಿಯ ಮಂತ್ರಿ ಬಿ-4ಕ್ಕೆ ಬಂದು ಚೆಕ್ ಕೊಟ್ಟು ಮಂತ್ರಿಗಳ ವಿನಿಮಯವನ್ನು ಬಲವಂತ ಮಾಡುತ್ತಾನೆ. ಬಿಳಿಯರಿಗೆ ಒಂದು ಕಾಲಾಳು ಹೆಚ್ಚಾಗಿ ಉಳಿಯುತ್ತದೆ. ತಾಳ್ಮೆಯಿಂದ ಆಡಿದರೆ ಆಟವನ್ನೂ ಗೆಲ್ಲಬಹುದು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಮಾರ್ಫಿ ಕೈಗೆ ಬಂದ ಕಾಲಾಳನ್ನು ಬಿಟ್ಟನು. ಇನ್ನೂ ಮನೆಯಲ್ಲಿಯೇ ಇದ್ದ ಕುದುರೆಯನ್ನು ಸಿ-3ಕ್ಕೆ ತಂದನು. ಎದುರಾಳಿಯ ಸೈನ್ಯವು ಇನ್ನೂ ನಿದ್ದೆಯಲ್ಲಿರುವಾಗ ಅಲ್ಪಲಾಭಕ್ಕಾಗಿ ಯುದ್ಧದ ಬಿರುಸನ್ನು ಕಳೆದುಕೊಳ್ಳಬಾರದೆಂಬುದು ಆ ನಡೆಯ ಅರ್ಥ. ಈ ಆಟದಲ್ಲಿ ಮುಂದೆ ಬರುವ ಬಲಿಗಳೆಲ್ಲ ಕಣ್ಣು ಕುಕ್ಕುವಂಥವು. ಆದರೆ ಅವುಗಳೆಲ್ಲದರ ಬೇರು ಸದ್ದಿಲ್ಲದ ಈ ನಡೆಯಲ್ಲಿದೆ.

ಕರಿಯರು ಸಿ-6ಕ್ಕೆ ಕಾಲಾಳನ್ನು ನಡೆಸಿ, ತಮ್ಮ ಮಂತ್ರಿಯ ದೃಷ್ಟಿ 7ನೆಯ ಅಡ್ಡಸಾಲಿನಲ್ಲಿ ಬಿ-7ರವರೆಗೂ ತಲಪುವಂತೆ ಮಾಡಿದರು. ಒಂಬತ್ತನೆಯ ನಡೆಯಲ್ಲಿ ಮಾರ್ಫಿಯ ಎರಡನೆಯ ಒಂಟೆ ಜಿ-5ಕ್ಕೆ ಬಂದು, ಎಫ್-6ರ ಕುದುರೆಯನ್ನು ಅದರ ಹಿಂದಿದ್ದ ಮಂತ್ರಿಗೆ ಕಟ್ಟಿಹಾಕಿತು. ಕರಿಯರಿಗೆ ಈಗ ಉಸಿರಾಡಲೂ ಎಡೆಯಿಲ್ಲ. ಬಿ-8ರ ಕುದುರೆಯನ್ನು ಡಿ-7ಕ್ಕೆ ತಂದರೆ ಮಂತ್ರಿಯ ದೃಷ್ಟಿಗೆ ಅದೇ ಅಡ್ಡವಾಗಿ ಬಿ-7 ಬಿದ್ದುಹೋಗುತ್ತದೆ. ಈ ಇಕ್ಕಟ್ಟಿನಲ್ಲಿ ಅವರು ಬಿ-5ಕ್ಕೆ ಕಾಲಾಳನ್ನು ನೂಕಿ ಸಿ-4ರ ಒಂಟೆಯನ್ನು ಹಿಮ್ಮೆಟ್ಟಿಸಲು ಹೊರಟರು.

ಸಾಮಾನ್ಯ ಆಟಗಾರನು ಒಂಟೆಯನ್ನು ಹಿಂದಕ್ಕೆ ಕರೆಯುತ್ತಿದ್ದನು. ಒಂದು ಹೆಜ್ಜೆ ಹಿಂದೆ ಸರಿದರೆ ಎದುರಾಳಿಗೆ ಒಂದು ಹೆಜ್ಜೆ ಬಿಡುವು ದೊರೆಯುತ್ತದೆಂಬುದನ್ನು ಮಾರ್ಫಿ ಬಲ್ಲನು. ಹತ್ತನೆಯ ನಡೆಯಲ್ಲಿ ಅವನ ಕುದುರೆ ಬಿ-5ರ ಕಾಲಾಳನ್ನು ಹೊಡೆದು ತನ್ನನ್ನೇ ಬಲಿಗೊಟ್ಟಿತು. ಸಿ-6ರ ಕಾಲಾಳು ಕುದುರೆಯನ್ನು ಹೊಡೆಯಿತು. ಹನ್ನೊಂದನೆಯ ನಡೆಯಲ್ಲಿ ಬಿಳಿಯ ಒಂಟೆ ಆ ಕಾಲಾಳನ್ನು ಹೊಡೆದು ಬಿ-5ರಲ್ಲಿ ನಿಂತು ರಾಜನಿಗೆ ಚೆಕ್ ಕೊಟ್ಟಿತು. ಕುದುರೆಯೊಂದಕ್ಕೆ ಎರಡು ಕಾಲಾಳುಗಳು. ಲೆಕ್ಕದಲ್ಲಿ ಇದು ನಷ್ಟ. ಆದರೆ ಕರಿಯ ರಾಜನ ಸುತ್ತಲಿನ ಗೋಡೆ ಬಿರಿಯಿತು. ಕರಿಯರು ಬಿ-8ರ ಕುದುರೆಯನ್ನು ಡಿ-7ಕ್ಕೆ ತಂದು ಚೆಕ್ಕಿಗೆ ಅಡ್ಡ ಹಿಡಿದರು. ಈಗ ಅವರ ಎರಡು ಕುದುರೆಗಳೂ ಕಟ್ಟಿಗೆ ಬಿದ್ದವು. ಡಿ-7ರದು ಕದಲಿದರೆ ರಾಜನಿಗೆ ಅಪಾಯ. ಎಫ್-6ರದು ಕದಲಿದರೆ ಮಂತ್ರಿಗೆ ಅಪಾಯ.

ಹನ್ನೆರಡನೆಯ ನಡೆಯಲ್ಲಿ ಮಾರ್ಫಿ ಮಂತ್ರಿಯ ಕಡೆಗೆ ಕೋಟೆ ಕಟ್ಟಿದನು. ಒಂದೇ ನಡೆಯಲ್ಲಿ ಅವನ ರಾಜನು ಸಿ-1ರಲ್ಲಿ ಸುರಕ್ಷಿತನಾದನು; ಅವನ ಆನೆ ಡಿ-1ಕ್ಕೆ ಬಂದು ತೆರೆದ ಉದ್ದಸಾಲಿನ ತುದಿಯಲ್ಲಿ ನಿಂತಿತು. ಕರಿಯರು ತಮ್ಮ ಆನೆಯನ್ನು ಡಿ-8ಕ್ಕೆ ತಂದು ಡಿ-7ರ ಕುದುರೆಗೆ ಕಾವಲಿಟ್ಟರು. ಇನ್ನೊಂದು ಬಿಡುವು ದೊರೆತರೂ ಅವರು ಕಟ್ಟುಗಳನ್ನು ಸಡಿಲಿಸಿಕೊಳ್ಳಬಹುದಾಗಿತ್ತು. ಆ ಬಿಡುವು ದೊರೆಯಲಿಲ್ಲ. ಹದಿಮೂರನೆಯ ನಡೆಯಲ್ಲಿ ಬಿಳಿಯ ಆನೆಯೇ ಡಿ-7ರ ಕುದುರೆಯನ್ನು ಹೊಡೆಯಿತು. ಕರಿಯ ಆನೆ ಅದನ್ನು ಹೊಡೆದು ತಾನೇ ಆ ಕಟ್ಟಿನಲ್ಲಿ ಸಿಕ್ಕಿಕೊಂಡಿತು. ಹದಿನಾಲ್ಕನೆಯ ನಡೆಯಲ್ಲಿ, ಅದುವರೆಗೆ ಎಚ್-1ರ ಮೂಲೆಯಲ್ಲಿ ನಿಂತಿದ್ದ ಎರಡನೆಯ ಆನೆ ಡಿ-1ಕ್ಕೆ ಬಂದಿತು. ಮಾರ್ಫಿಯ ಸೈನ್ಯದಲ್ಲಿ ಕೆಲಸವಿಲ್ಲದೆ ಉಳಿದ ಕಾಯಿ ಈಗ ಒಂದೂ ಇಲ್ಲ. ಕರಿಯರ ಪಕ್ಷದಲ್ಲಿಯೋ, ಎಫ್-8ರ ಒಂಟೆಯೂ ಎಚ್-8ರ ಆನೆಯೂ ಆಟದ ಮೊದಲಿನಿಂದ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ.

ಕರಿಯರು ಮಂತ್ರಿಯನ್ನು ಇ-6ಕ್ಕೆ ತಂದರು. ಎಫ್-6ರ ಕುದುರೆಯ ಕಟ್ಟು ಕಳಚಿತು. ಮಂತ್ರಿಗಳ ವಿನಿಮಯಕ್ಕೂ ಅವಕಾಶ ಒದಗಿತು. ಕುತ್ತು ಕಳೆಯಿತೆಂದೇ ಅವರಿಗೆ ತೋರಿರಬಹುದು. ಹದಿನೈದನೆಯ ನಡೆಯಲ್ಲಿ ಬಿಳಿಯ ಒಂಟೆ ಡಿ-7ರ ಆನೆಯನ್ನು ಹೊಡೆದು ಚೆಕ್ ಕೊಟ್ಟಿತು. ಎಫ್-6ರ ಕುದುರೆ ಆ ಒಂಟೆಯನ್ನು ಹೊಡೆದು ಡಿ-7ಕ್ಕೆ ಬಂದಿತು. ಇದರಿಂದ ಮಣೆಯ ಮೇಲೆ ಎರಡು ಬದಲಾವಣೆಗಳಾದವು. ಎಫ್-6 ಬರಿದಾಗಿ ಜಿ-5ರ ಒಂಟೆಯ ದೃಷ್ಟಿ ಇ-7ನ್ನೂ ದಾಟಿ ಡಿ-8ರವರೆಗೆ ಹರಿಯಿತು. ಡಿ ಉದ್ದಸಾಲಿನಲ್ಲಿ ಬಿಳಿಯ ಆನೆಗೂ ಡಿ-8ಕ್ಕೂ ನಡುವೆ ಆ ಕುದುರೆಯೊಂದೇ ಅಡ್ಡವಾಗಿ ಉಳಿಯಿತು. ಅದು ಅಲ್ಲಿಂದ ಸರಿದರೆ ಆಟ ಮುಗಿಯಿತು. ಅದನ್ನು ಸರಿಸುವ ಬಗೆ ಹೇಗೆ?

ಹದಿನಾರನೆಯ ನಡೆಯಲ್ಲಿ ಮಾರ್ಫಿ ತನ್ನ ಮಂತ್ರಿಯನ್ನು ಬಿ-3ರಿಂದ ಬಿ-8ಕ್ಕೆ ಕಳುಹಿಸಿ ರಾಜನಿಗೆ ಚೆಕ್ ಕೊಟ್ಟನು. ಸೈನ್ಯದಲ್ಲೆಲ್ಲ ಪ್ರಬಲನಾದ ಮಂತ್ರಿ ಶತ್ರುವಿನ ಕುದುರೆಯ ಬಾಯಿಗೆ ತಾನಾಗಿ ಹೋಗಿ ನಿಂತನು. ಕರಿಯ ರಾಜನಿಗೆ ಓಡಲು ಮನೆಯಿಲ್ಲ: ಇ-7ನ್ನೂ ಡಿ-8ನ್ನೂ ಒಂಟೆ ಕಾಯುತ್ತಿದೆ. ಅಡ್ಡ ಹಾಕಲು ಯಾವ ಕಾಯಿಯೂ ಇಲ್ಲ. ನಿಯಮವು ಬಿಟ್ಟುಕೊಟ್ಟ ನಡೆ ಒಂದೇ ಒಂದು: ಡಿ-7ರ ಕುದುರೆ ಬಿ-8ರ ಮಂತ್ರಿಯನ್ನು ಹೊಡೆಯಬೇಕು. ಅದು ಹೊಡೆಯಿತು. ಬಾಗಿಲು ತೆರೆಯಿತು. ಹದಿನೇಳನೆಯ ನಡೆಯಲ್ಲಿ ಬಿಳಿಯ ಆನೆ ಡಿ-8ಕ್ಕೆ ಸಾಗಿತು. ಚೆಕ್‌ಮೇಟ್!

ಆಟವು ಮುಗಿದ ಮಣೆಯನ್ನು ನೋಡಿದರೆ ಅಚ್ಚರಿಯಾಗುತ್ತದೆ. ಸೋತ ಪಕ್ಷದಲ್ಲಿ ಮಂತ್ರಿ, ಆನೆ, ಒಂಟೆ, ಕುದುರೆ ಎಲ್ಲವೂ ಉಳಿದಿವೆ. ಗೆದ್ದವನ ಬಳಿ ಕಾಲಾಳುಗಳನ್ನು ಬಿಟ್ಟರೆ ಉಳಿದಿರುವುದು ಒಂದು ಆನೆ, ಒಂದು ಒಂಟೆ ಮಾತ್ರ. ಆದರೆ ಆ ಎರಡೂ ಇರಬೇಕಾದ ಎಡೆಯಲ್ಲಿವೆ. ಆನೆ ಹೊಡೆಯುತ್ತದೆ, ಒಂಟೆ ಅದನ್ನು ಕಾಯುತ್ತದೆ. ಕರಿಯರ ದೊಡ್ಡ ಸೈನ್ಯವು ರಾಜನಿಗೆ ನೆರವಾಗುವುದಿರಲಿ, ಅವರದೇ ಒಂಟೆಯೂ ಕಾಲಾಳೂ ಅವನು ಓಡಬಹುದಾಗಿದ್ದ ಮನೆಗಳನ್ನು ತುಂಬಿಕೊಂಡು ನಿಂತಿವೆ. ಸೈನ್ಯದ ಬಲವು ಅದರ ಎಣಿಕೆಯಲ್ಲಿಲ್ಲ, ಕೆಲಸ ಮಾಡುವ ಅದರ ಅಂಗಗಳಲ್ಲಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ.

ಮಾರ್ಫಿಯ ಎದುರಾಳಿಗಳು ಪ್ರವೀಣರಲ್ಲ, ಹವ್ಯಾಸಿಗಳು. ಅವರನ್ನು ಗೆದ್ದುದರಲ್ಲಿ ಏನು ಹೆಚ್ಚುಗಾರಿಕೆ ಎಂದು ಕೇಳುವವರುಂಟು. ಆ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಕರಿಯರ ಮೂರನೆಯ ಮತ್ತು ಒಂಬತ್ತನೆಯ ನಡೆಗಳು ದುರ್ಬಲವಾದವು. ಆದರೆ ಎದುರಾಳಿಯ ತಪ್ಪನ್ನು ಕಾಣುವುದು ಬೇರೆ, ಆ ತಪ್ಪಿಗೆ ತಕ್ಕ ಶಿಕ್ಷೆಯನ್ನು ಕಂಡುಹಿಡಿಯುವುದು ಬೇರೆ. ಇಲ್ಲಿನ ಒಂದು ಬಲಿಯೂ ಆಡಂಬರಕ್ಕಾಗಿ ಮಾಡಿದ್ದಲ್ಲ. ಕುದುರೆಯ ಬಲಿ ದಾರಿಯನ್ನು ತೆರೆಯಲು; ಆನೆಯ ಬಲಿ ಎದುರಾಳಿಗೆ ಬಿಡುವು ಕೊಡದಿರಲು; ಮಂತ್ರಿಯ ಬಲಿ ಕಟ್ಟಕಡೆಯ ಅಡ್ಡಿಯನ್ನು ಸರಿಸಲು. ಮಾರ್ಫಿಯ ಸಾಹಸದ ಹಿಂದೆ ಲೆಕ್ಕಾಚಾರವಿತ್ತು. ಲೆಕ್ಕಾಚಾರದ ಹಿಂದೆ ಸಿದ್ಧತೆಯಿತ್ತು.

ಮಾರ್ಫಿಯ ಮುಂದಿನ ಬದುಕು ಅವನ ಆಟದಂತೆ ಸಾಗಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಅವನು ಜರ್ಮನಿಯ ಶ್ರೇಷ್ಠ ಆಟಗಾರ ಆಂಡರ್ಸೆನ್ನನನ್ನು ಸೋಲಿಸಿ, ಅಂದಿನವರಲ್ಲಿ ಅಗ್ರಗಣ್ಯನೆನಿಸಿ 1859ರಲ್ಲಿ ತಾಯ್ನಾಡಿಗೆ ಮರಳಿದನು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡಿತು. ಮರುವರ್ಷ ನ್ಯೂ ಆರ್ಲಿಯನ್ಸ್ ಉತ್ತರದವರ ಸೇನೆಯ ವಶವಾಯಿತು. ಅವನು ಬಯಸಿದ್ದ ವಕೀಲಿ ವೃತ್ತಿ ಕೈಗೂಡಲಿಲ್ಲ. ಚದುರಂಗದಿಂದಲೂ ಅವನು ದೂರವಾದನು. ಕೊನೆಗಾಲದಲ್ಲಿ ಮನಸ್ಸಿನ ನೆಮ್ಮದಿಯೂ ಕದಡಿತು. 1884ರ ಜುಲೈ 10ರಂದು, ನಲವತ್ತೇಳನೆಯ ವಯಸ್ಸಿನಲ್ಲಿ, ಹುಟ್ಟಿದ ನಗರದಲ್ಲಿಯೇ ಅವನು ಕಣ್ಮುಚ್ಚಿದನು. ಮಣೆಯ ಮೇಲೆ ಕಾಣುವಷ್ಟು ದೂರವನ್ನು ಬಾಳಿನಲ್ಲಿ ಕಾಣಲು ಯಾರಿಗೂ ಸಾಧ್ಯವಿಲ್ಲ. ಬಾಳಿನಲ್ಲಿ ಎಲ್ಲ ಕಾಯಿಗಳೂ ಕಣ್ಣೆದುರಿಗೆ ಇರುವುದಿಲ್ಲ.

ಆದರೂ ಆ ಸಂಜೆಯ ಹದಿನೇಳು ನಡೆಗಳು ಉಳಿದಿವೆ. ಅವುಗಳನ್ನು ಆಡಿಸಿ ನೋಡುವ ವಿದ್ಯಾರ್ಥಿಯು ಮೊದಲು ಮಂತ್ರಿಯ ಬಲಿಗೆ ಬೆರಗಾಗುತ್ತಾನೆ. ಮತ್ತೊಮ್ಮೆ ಆಡಿಸಿದಾಗ, ಕೈಗೆ ಬಂದ ಕಾಲಾಳನ್ನು ಬಿಟ್ಟು ಕುದುರೆಯನ್ನು ಹೊರತಂದ ಎಂಟನೆಯ ನಡೆಯ ಬಳಿ ನಿಲ್ಲುತ್ತಾನೆ. ಮೊದಲನೆಯದು ಬೆರಗು, ಎರಡನೆಯದು ಅರಿವು. ಬೆರಗಿನಿಂದ ಅರಿವಿಗೆ ಸಾಗುವುದೇ ಅಭ್ಯಾಸ.

ಪದಗಳ ಅರ್ಥ

ಒರೆಗೆ ಹಚ್ಚು – ಪರೀಕ್ಷಿಸು
ಎಣೆಯಿಲ್ಲದವನು – ಸಾಟಿಯಿಲ್ಲದವನು
ಆತಿಥೇಯ – ಅತಿಥಿಯನ್ನು ಸತ್ಕರಿಸುವವನು
ಇಕ್ಕಟ್ಟು – ಸಂಕಟದ ಸ್ಥಿತಿ
ಕುತ್ತು – ಅಪಾಯ
ನಿದರ್ಶನ – ಉದಾಹರಣೆ
ಕೋಟೆ ಕಟ್ಟು – ರಾಜನನ್ನು ಎರಡು ಮನೆ ಸರಿಸಿ ಆನೆಯನ್ನು ಅವನ ಮಗ್ಗುಲಿಗೆ ತರುವ ವಿಶೇಷ ನಡೆ
ಚೆಕ್ – ರಾಜನ ಮೇಲೆ ನೇರವಾದ ದಾಳಿ
ಚೆಕ್‌ಮೇಟ್ – ರಾಜನು ತಪ್ಪಿಸಿಕೊಳ್ಳಲಾಗದ ದಾಳಿ, ಆಟದ ಮುಕ್ತಾಯ

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಚತುರಂಗವೆಂಬ ಹೆಸರು ಹೇಗೆ ಬಂದಿತು?
2. ಮಾರ್ಫಿ ಚದುರಂಗವನ್ನು ಕಲಿತ ಬಗೆ ಯಾವುದು?
3. ಪದವಿ ಪಡೆದ ಕೂಡಲೇ ಮಾರ್ಫಿ ವಕೀಲಿ ವೃತ್ತಿಯನ್ನು ಏಕೆ ಕೈಕೊಳ್ಳಲಿಲ್ಲ?
4. ಆಟದ ಕೊನೆಯವರೆಗೂ ಕದಲದೆ ಉಳಿದ ಕರಿಯ ಕಾಯಿಗಳಲ್ಲಿ ಎರಡನ್ನು ಹೆಸರಿಸಿರಿ.

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಕರಿಯರ ಮೂರನೆಯ ನಡೆಯನ್ನು ಮೊದಲ ತಪ್ಪು ಎಂದು ಏಕೆ ಹೇಳಲಾಗಿದೆ?
2. ಹನ್ನೊಂದನೆಯ ನಡೆಯ ಅನಂತರ ಕರಿಯರ ಎರಡು ಕುದುರೆಗಳೂ ಕಟ್ಟಿಗೆ ಬಿದ್ದುದು ಹೇಗೆ?
3. ಹದಿನಾರನೆಯ ನಡೆಗೆ ಕರಿಯರು ಕೊಡಬಹುದಾಗಿದ್ದ ಉತ್ತರ ಒಂದೇ ಆಗಿತ್ತು. ಏಕೆ?

ಇ. ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿರಿ.
1. ಎಂಟನೆಯ ನಡೆಯು ಈ ಆಟದ ತಿರುವು ಎಂಬುದನ್ನು ಸಮರ್ಥಿಸಿರಿ.
2. ಮಾರ್ಫಿಯ ಬಲಿಗಳ ಉದ್ದೇಶಗಳನ್ನು ವಿವರಿಸಿರಿ.

ಈ. ಸಂದರ್ಭವನ್ನು ಸೂಚಿಸಿ ವಿವರಿಸಿರಿ.
1. "ಕಳೆದುಕೊಂಡ ಕಾಲ ಕಾಣುವುದಿಲ್ಲ."
2. "ಮೊದಲನೆಯದು ಬೆರಗು, ಎರಡನೆಯದು ಅರಿವು."

ಉ. ಭಾಷಾಭ್ಯಾಸ
1. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ: ಮಣೆಯನ್ನು, ಮತ್ತೊಮ್ಮೆ, ವಿದ್ಯಾರ್ಥಿ.
2. ವಿಗ್ರಹಿಸಿ ಸಮಾಸವನ್ನು ಹೆಸರಿಸಿರಿ: ದೇಹಬಲ, ಅಡ್ಡಸಾಲು, ಕಣ್ಮುಚ್ಚು.
3. ಸ್ವಂತ ವಾಕ್ಯಗಳಲ್ಲಿ ಬಳಸಿರಿ: ಒರೆಗೆ ಹಚ್ಚು, ಕಣ್ಣಿಗೆ ಬೀಳು, ಕೈಗೂಡು.

ಊ. ಮಾಡಿ ನೋಡಿರಿ
ಮಣೆಯ ಮೇಲೆ ಈ ಆಟವನ್ನು ಆಡಿಸಿರಿ. ಒಂಬತ್ತನೆಯ ನಡೆಯಲ್ಲಿ ಕರಿಯರು ಬೇರೆ ಯಾವ ನಡೆಯನ್ನು ಆರಿಸಬಹುದಾಗಿತ್ತೆಂಬುದನ್ನು ಗೆಳೆಯರೊಡನೆ ಚರ್ಚಿಸಿರಿ.